ಅಕ್ಕನ ಮನೆಗೆ ಬಂದ ಕಾಜಾ ಮಷೀನು

ಮಾನ್ಯರೇ,

ತಾವು ನನ್ನ ಅಕ್ಕನನ್ನು ಸ್ವಾವಲಂಬಿ ಎಂದು ಘೋಷಿಸಿದಿರಿ; ಅಂದಿನಿಂದ ಅವಳಿಗೆ ಸರಿಯಾಗಿ ಉಸಿರಾಡಲು ಆಗುತ್ತಿಲ್ಲ. ಬಡತನ ನಿರ್ಮೂಲನಾ ಇಲಾಖೆಯ ಮುಖ್ಯಾಧಿಕಾರಿಗಳಿಗೆ ಬರೆಯುವ ಪತ್ರವನ್ನು ಇನ್ನಷ್ಟು ವಿನಯದಿಂದ ಆರಂಭಿಸಬೇಕಿತ್ತೇನೋ. ಆದರೆ ವಿನಯದಿಂದ ಬರೆದ ನನ್ನ ಹಿಂದಿನ ಪತ್ರಗಳಿಗೆ 'ಸ್ವೀಕರಿಸಲಾಗಿದೆ' ಎಂಬ ಮೊಹರು ಬಿಟ್ಟರೆ ಬೇರೇನೂ ಸಿಗಲಿಲ್ಲವಾದ್ದರಿಂದ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ವಿಷಯ ಇಷ್ಟೇ: ಅಕ್ಕನ ಉಚಿತ ಔಷಧದ ಕಾರ್ಡನ್ನು ತಮ್ಮ ಇಲಾಖೆ ರದ್ದು ಮಾಡಿದೆ. ಕಾರಣ, ಅವಳ ಮನೆಯಲ್ಲಿ ಒಂದು ಹೊಲಿಗೆ ಯಂತ್ರವಿದೆ. ಆ ಯಂತ್ರವನ್ನು ಅವಳ ಮನೆಗೆ ತಂದಿಟ್ಟವರೂ ತಾವೇ.

ಅದು ಎಂಥ ಯಂತ್ರ ಎಂದು ತಾವು ವಿಚಾರಿಸಿರಲಾರಿರಿ. ತಮ್ಮ ಅಂಗಿಯ ಎದೆಯ ಮೇಲೆ ಗುಂಡಿ ತೂರಿಸಲು ಒಂದು ಕಂಡಿ ಇರುತ್ತದಲ್ಲ, ಅದಕ್ಕೆ ಕಾಜಾ ಅನ್ನುತ್ತಾರೆ. ನನಗೆ ಅಕ್ಷರ ತಿದ್ದಲು ಬರುವ ಮೊದಲಿನಿಂದ ಅಕ್ಕ ಅಂಗಿ ಕಾರ್ಖಾನೆಯಲ್ಲಿ ಕಾಜಾ ಹೊಲಿದವಳು. ಅಲ್ಲಿ ಒಬ್ಬಳು ಕಾಲರ್ ಹೊಲಿದರೆ ಇನ್ನೊಬ್ಬಳು ತೋಳು, ಮತ್ತೊಬ್ಬಳು ಜೇಬು. ಎಲ್ಲ ಮುಗಿದ ಅಂಗಿ ಅಕ್ಕನ ಮುಂದೆ ಬರುತ್ತಿತ್ತು. ಅವಳು ಪೆಡಲು ತುಳಿದರೆ ಸೂಜಿ ಒಂದು ಸುತ್ತು ಹಾಕುತ್ತಿತ್ತು, ಪುಟ್ಟ ಬ್ಲೇಡು ಬಿದ್ದು ಬಟ್ಟೆ ಸೀಳುತ್ತಿತ್ತು. ಜೀವಮಾನವೆಲ್ಲ ಅಕ್ಕ ಹೊಲಿದದ್ದು ತೂತುಗಳನ್ನೇ. ಆ ತೂತುಗಳಿಂದಲೇ ನಮ್ಮ ಮನೆಗೆ ಅನ್ನ ಬಂತು, ನನ್ನ ಶಾಲೆಯ ಫೀಸು ಹೋಯಿತು. ಬಿಳಿ ಅಂಗಿಗಳ ಮೇಲೆ ರಸ್ತೆಯ ಧೂಳು ಕೂರಬಾರದೆಂದು ಆ ಕಾರ್ಖಾನೆಯ ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಹೊರಗಿನ ಧೂಳು ಒಳಗೆ ಬರಲಿಲ್ಲ, ನಿಜ. ಒಳಗಿನ ನೂಲಿನ ಧೂಳೂ ಹೊರಗೆ ಹೋಗಲಿಲ್ಲ. ಅದು ಹೋಗಿ ಕೂತದ್ದು ಹೊಲಿಯುವವರ ಎದೆಯಲ್ಲಿ.

ಆಮೇಲೆ ಕಾರ್ಖಾನೆಗೆ ಹೊಸ ಯಂತ್ರಗಳು ಬಂದವು. ಹತ್ತು ಹೆಂಗಸರ ಕೆಲಸವನ್ನು ಒಬ್ಬಳೇ ಮಾಡಬಹುದು ಎಂದಾದ ಮೇಲೆ ಉಳಿದ ಒಂಬತ್ತು ಮಂದಿ ಯಾಕೆ ಬೇಕು? ಅಕ್ಕನೂ ಅವಳ ಜೊತೆಯವರೂ ಮನೆಗೆ ಬಂದರು. ಇಲ್ಲಿಯವರೆಗೆ ಇದು ಜಗತ್ತಿನಾದ್ಯಂತ ನಡೆಯುವ ಕಥೆ, ಅದಕ್ಕಾಗಿ ತಮ್ಮನ್ನು ದೂರುವುದಿಲ್ಲ. ಆದರೆ ಹಳೆಯ ಯಂತ್ರಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಮಾಲೀಕರಿಗೆ ಬಂತು ನೋಡಿ, ಅಲ್ಲಿಂದ ತಮ್ಮ ಪ್ರವೇಶ. ಗುಜರಿಯವನು ಕೊಂಡೊಯ್ಯಬೇಕಾಗಿದ್ದ ಕಬ್ಬಿಣ ತಮ್ಮ ಇಲಾಖೆಯ ಕೈ ಸೋಕಿದ್ದೇ ದಾನವಾಯಿತು. ದೊಡ್ಡ ಸಭಾಂಗಣ, ಎತ್ತರದ ವೇದಿಕೆ, ಪ್ರತಿ ಯಂತ್ರಕ್ಕೂ ಒಂದು ಕೆಂಪು ರಿಬ್ಬನ್ನು. ಯಾವ ಯಂತ್ರದ ಮುಂದಿನಿಂದ ಅಕ್ಕನನ್ನು ಎಬ್ಬಿಸಿ ಕಳಿಸಿದ್ದರೋ ಅದೇ ಯಂತ್ರವನ್ನು ಅವಳಿಗೆ ದಾನವಾಗಿ ಕೊಟ್ಟಿರಿ. ಪೆಡಲಿನ ಮೇಲೆ ಅವಳ ಕಾಲಿನ ಹೆಬ್ಬೆರಳು ಸವೆಸಿದ ಗುರುತು ಇನ್ನೂ ಇತ್ತಂತೆ. ಮಾಲೀಕರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಕ್ಕಿತು, ತಮಗೆ ಚಪ್ಪಾಳೆ ಸಿಕ್ಕಿತು, ಅಕ್ಕನಿಗೆ 'ಸ್ವಾವಲಂಬಿ' ಎಂಬ ಬಿರುದು ಸಿಕ್ಕಿತು. ಎಲ್ಲರಿಗೂ ಏನಾದರೂ ಸಿಗುವುದೇ ಅಲ್ಲವೇ ಸಮಾನತೆ?

ಯಂತ್ರ ಮನೆಗೆ ಬಂದ ಮೇಲೆ ಗೊತ್ತಾಯಿತು, ಅದು ಕಾರ್ಖಾನೆಯ ಮೂರು ಫೇಸಿನ ಕರೆಂಟಿಗೆ ಹುಟ್ಟಿದ ಜೀವ. ಅಕ್ಕನ ಕೋಣೆಯಲ್ಲಿರುವುದು ಒಂದು ಬಲ್ಬು, ಒಂದು ಫ್ಯಾನು, ಎರಡೂ ಒಟ್ಟಿಗೆ ಹಾಕಿದರೆ ಸೋಲುವ ಒಂದು ತಂತಿ. ಬೀದಿಯ ಲೈನ್‌ಮನ್ನನ್ನು ಕರೆಸಿ ತೋರಿಸಿದೆವು. ಅವನು ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ತಲೆ ಕೆರೆದುಕೊಂಡ.

"ಅಕ್ಕಾ, ಇದಕ್ಕೆ ಬೇಕಾದ ಲೈನು ಈ ಬೀದಿಗೇ ಬಂದಿಲ್ಲ. ಹಠ ಮಾಡಿ ಹಚ್ಚಿದ್ರೆ ಎಲ್ಲರ ಮನೇಲೂ ಕತ್ತಲೆ."

ಹಚ್ಚಿದರೂ ಏನು ಮಾಡುವುದು, ಸ್ವಾಮಿ? ಕಾಜಾ ಮಷೀನು ಕಾಜಾ ಬಿಟ್ಟು ಬೇರೇನನ್ನೂ ಹೊಲಿಯುವುದಿಲ್ಲ. ಅಂಗಿಯೇ ಇಲ್ಲದ ಮನೆಯಲ್ಲಿ ತೂತನ್ನು ಎಲ್ಲಿ ಹೊಲಿಯುವುದು? ಕಾಲರಿನ ಯಂತ್ರ ಸಿಕ್ಕವಳು ನಾಲ್ಕು ಬೀದಿ ಆಚೆ ಇದ್ದಾಳೆ. ತೋಳಿನವಳು ರೈಲುಹಳಿ ದಾಟಿ ಹೋಗಬೇಕು. ಜೇಬಿನವಳ ಮನೆಯ ಬಾಗಿಲಲ್ಲಿ ಯಂತ್ರ ಹಿಡಿಸದೆ ಅದು ಹೊರಗೇ ಪ್ಲಾಸ್ಟಿಕ್ ಹಾಳೆ ಹೊದ್ದು ನಿಂತಿದೆ. ನಾವೆಲ್ಲ ಸೇರಿದರೆ ಒಂದು ಅಂಗಿ ಆಗಬಹುದು ಎಂದು ಅಕ್ಕ ನಗುತ್ತಾಳೆ, ಅದನ್ನು ಹಾಕಿಕೊಳ್ಳುವವನು ಮಾತ್ರ ನಮ್ಮ ಮಾಲೀಕನೇ ಆಗಿರುತ್ತಾನೆ ಅನ್ನುತ್ತಾಳೆ. ನಕ್ಕರೆ ಕೆಮ್ಮು ಬರುತ್ತದೆ. ಹಾಗಾಗಿ ಈಗೀಗ ನಾವು ಅವಳ ಮುಂದೆ ತಮಾಷೆಯ ಮಾತು ಆಡುವುದನ್ನು ಬಿಟ್ಟಿದ್ದೇವೆ.

ಕೋಣೆಯ ವಿಚಾರ ಹೇಳುತ್ತೇನೆ. ಮೊದಲು ಅಲ್ಲಿ ಚಾಪೆ ಹಾಸಿದರೆ ಇಬ್ಬರು ಆರಾಮಾಗಿ ಮಲಗಬಹುದಿತ್ತು. ಈಗ ಅಕ್ಕ ಯಂತ್ರದ ಕಾಲುಗಳ ನಡುವೆ ತನ್ನ ಕಾಲು ಚಾಚಿ ಮಲಗುತ್ತಾಳೆ. ಬಾಗಿಲು ಅರ್ಧವೇ ತೆರೆಯುತ್ತದೆ. ಸೂಜಿಯ ಕಂಬಕ್ಕೆ ಟವೆಲ್ಲು ನೇತಾಡುತ್ತದೆ, ಮೇಜಿನ ಮೇಲೆ ಪಾತ್ರೆ ಡಬ್ಬಿಗಳು ಕೂತಿವೆ. ತಮ್ಮ ಇಲಾಖೆ ಕೊಟ್ಟ ಅತ್ಯಂತ ದುಬಾರಿ ಕಪಾಟು ಇದು.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಬಡವರ ಮನೆಯಲ್ಲಿ ಕೆಲಸಕ್ಕೆ ಬಾರದ ವಸ್ತುಗಳಿಗೆ ಬರವೇ? ಆದರೆ ಉಸಿರಿನ ಪಂಪು ತರಲು ಹೋದ ಅಕ್ಕನನ್ನು ಆಸ್ಪತ್ರೆಯ ಕಿಟಕಿಯವರು ಬರಿಗೈಯಲ್ಲಿ ಕಳಿಸಿದರು. ಕಾರ್ಡು ನಡೆಯುವುದಿಲ್ಲವಂತೆ. ಸ್ವಂತ ಯಂತ್ರ ಇರುವವಳು ಸ್ವಂತ ಉದ್ಯೋಗ ಇರುವವಳು, ಸ್ವಂತ ಉದ್ಯೋಗ ಇರುವವಳು ಬಡವಳಲ್ಲ. ತರ್ಕದಲ್ಲಿ ಒಂದು ಹೊಲಿಗೆಯೂ ಬಿಟ್ಟಿಲ್ಲ, ಶಭಾಷ್. ನಾನು ತಮ್ಮ ಕಚೇರಿಗೆ ಬಂದೆ. ಅಲ್ಲಿಯ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಯಂತ್ರವನ್ನು ವಾಪಸ್ ತೆಗೆದುಕೊಳ್ಳಿ ಎಂದೆ. ದಾನ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ನಿಯಮದಲ್ಲಿ ಅವಕಾಶವಿಲ್ಲ ಎಂದರು. ಹಾಗಾದರೆ ಮಾರಿಬಿಡುತ್ತೇವೆ ಎಂದೆ. ಮಾರಿದರೆ ಅಪರಾಧವಾಗುತ್ತದೆ ಎಂದರು. ಕೊನೆಗೆ ನನ್ನ ತಾಳ್ಮೆ ಕೆಟ್ಟಿತು.

"ಸಾರ್, ಮತ್ತೆ ಬಡವರಾಗೋಕೆ ಏನಾದ್ರೂ ಅರ್ಜಿ ಇದೆಯಾ?"

ಅವರು ನಗಲಿಲ್ಲ. ಡ್ರಾಯರು ತೆಗೆದು ನಿಜಕ್ಕೂ ಹುಡುಕಿದರು.

"ಇಲ್ಲಮ್ಮ. ಪಟ್ಟಿಯಿಂದ ಹೊರಗೆ ಹೋಗೋಕೆ ದಾರಿ ಇಟ್ಟಿದ್ದಾರೆ. ಒಳಗೆ ಬರೋಕೆ ಇಟ್ಟಿಲ್ಲ."

ಹಾಗಾದರೆ ಅಕ್ಕ ಇಷ್ಟು ದಿನ ಹೇಗೆ ಬದುಕಿದ್ದಾಳೆ ಎಂದು ತಾವು ಕೇಳಬಹುದು. ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದಾರೆ, ಅದೇ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದವರು, ಅವರ ಎದೆಯೂ ಅದೇ ಧೂಳಿನದ್ದು. ಅವರ ಮನೆಗೆ ಯಂತ್ರ ಬಾರದಿದ್ದ ಕಾರಣ ಅವರ ಕಾರ್ಡು ಇನ್ನೂ ಜೀವಂತವಾಗಿದೆ. ಅವರು ತಮ್ಮ ಪಂಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಾರೆ, ಅಕ್ಕನ ಬಾಯಿಗೆ ಇಟ್ಟು ಒತ್ತುತ್ತಾರೆ. ಒಬ್ಬರಿಗೆ ಸಾಕಾಗದ ಔಷಧದಲ್ಲಿ ಇಬ್ಬರು ಉಸಿರಾಡುತ್ತಿದ್ದಾರೆ. ನಿಮಗೇ ಸಾಲದಾದರೆ ಏನು ಮಾಡುತ್ತೀರಿ ಎಂದು ನಾನು ಬೈದಾಗ ಮುದುಕಿ ನನ್ನನ್ನೇ ಗದರಿದರು, ನಾನು ಎರಡು ಸಲ ಎಳೆಯೋ ಕಡೆ ಒಂದು ಸಲ ಎಳೆದರೆ ನಿನ್ನ ಗಂಟೇನು ಹೋಗುತ್ತೆ ಎಂದು ಕೇಳಿದರು. ಅವರಿಗೆ ವೇದಿಕೆ ಇಲ್ಲ, ರಿಬ್ಬನ್ನಿಲ್ಲ. ಆದರೆ ದಾನ ಎಂಬ ಮಾತು ಎಲ್ಲಾದರೂ ನಿಜವಾಗಿ ಉಳಿದಿದ್ದರೆ ಆ ಸೆರಗಿನೊಳಗೆ ಉಳಿದಿದೆ.

ನಾನು ದಾನದ ವಿರೋಧಿಯಲ್ಲ ಎಂದು ಹೇಳಲಿಕ್ಕೆ ಇಷ್ಟು ಬರೆದೆ. ಹಸಿದವರಿಗೆ ಈಗಲೇ ಊಟ ಬೇಕು, ಜಗತ್ತು ಸರಿಹೋಗುವ ತನಕ ಅವರು ಕಾಯಲಾರರು. ನನ್ನ ತಕರಾರು ಬೇರೆ. ಕೂಲಿಯಲ್ಲಿ ಕೊಡಬೇಕಾದದ್ದನ್ನು ಕೊಡದೆ ಇಟ್ಟುಕೊಂಡು, ಅದರಲ್ಲಿ ಒಂದು ಚೂರನ್ನು ವರ್ಷಗಳ ನಂತರ ರಿಬ್ಬನ್ನು ಕಟ್ಟಿ ಕೊಟ್ಟರೆ ಅದು ದಾನವೇ? ಆ ಕಾರ್ಖಾನೆಯ ಕಿಟಕಿಗಳ ಮೊಳೆ ಕಿತ್ತಿದ್ದರೆ ಅಕ್ಕನಿಗೆ ಪಂಪು ಬೇಕಿರಲಿಲ್ಲ. ಕೆಲಸದಿಂದ ತೆಗೆಯುವಾಗ ನ್ಯಾಯವಾದ ಪರಿಹಾರ ಕೊಟ್ಟಿದ್ದರೆ ಯಂತ್ರ ಬೇಕಿರಲಿಲ್ಲ. ಅದೂ ಹೋಗಲಿ, ಯಂತ್ರ ಕೊಡುವ ಮುಂಚೆ ನಿನಗೇನು ಬೇಕಮ್ಮ ಎಂದು ಒಬ್ಬರಾದರೂ ಕೇಳಬಹುದಿತ್ತು. ನಾನೊಮ್ಮೆ ಅಕ್ಕನನ್ನು ಕೇಳಿದೆ, ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು. ಅವಳು ಅರ್ಧ ತೆರೆದ ಬಾಗಿಲ ಕಡೆ ನೋಡಿದಳು.

"ಕಿಟಕಿ ಇರೋ ಕೋಣೆ ಕೇಳ್ತಿದ್ದೆ ಕಣೆ. ಅಷ್ಟೇ."

ಕೊಡುವವರು ಮಾತಾಡುತ್ತಾರೆ, ತೆಗೆದುಕೊಳ್ಳುವವರು ಕೈ ಮುಗಿಯುತ್ತಾರೆ. ಈ ಏರ್ಪಾಡು ಬದಲಾಗದೆ ತಾವು ಎಷ್ಟು ಲಾರಿ ಯಂತ್ರ ಹಂಚಿದರೂ ಬಡತನ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಸ್ಥಳ ಬದಲಿಸುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕೂತು ನಿರ್ಧರಿಸುವ ಮೇಜಿನ ಸುತ್ತ ಅಕ್ಕನಂಥವರಿಗೂ ಒಂದು ಕುರ್ಚಿ ಇರುವುದನ್ನು ನಾನು ಸಮಾನತೆ ಎಂದುಕೊಂಡಿದ್ದೇನೆ. ತಮ್ಮ ಇಲಾಖೆಯ ನಿಘಂಟಿನಲ್ಲಿ ಅದಕ್ಕೆ ಬೇರೆ ಅರ್ಥವಿದ್ದರೆ ತಿಳಿಸಿ.

ನಿಘಂಟು ಎಂದೆ, ಅದು ನನ್ನ ಕಸುಬಿನ ಮಾತು. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ಮುಂದಿನ ತಿಂಗಳು ತಾವು ನಡೆಸಲಿರುವ ಜಾಗತಿಕ ಬಡತನ ನಿವಾರಣಾ ಸಮ್ಮೇಳನದ ಸ್ಮರಣ ಸಂಚಿಕೆ ಅಚ್ಚಾಗುತ್ತಿರುವುದು ನಮ್ಮಲ್ಲೇ. ಅದರ ಒಂದು ಪುಟದಲ್ಲಿ ಅಕ್ಕ ಯಂತ್ರದ ಪಕ್ಕ ನಿಂತಿದ್ದಾಳೆ. ಕೆಳಗೆ 'ಅಂದು ಆಶ್ರಿತೆ, ಇಂದು ಸ್ವಾವಲಂಬಿ' ಎಂದಿದೆ. ಅವಳು ಯಾವಾಗ ಆಶ್ರಿತೆಯಾಗಿದ್ದಳು, ಸ್ವಾಮಿ? ಅವಳ ಆಶ್ರಯದಲ್ಲಿ ನಾವು ಬೆಳೆದೆವು. ನನ್ನ ಕೆಲಸ ಕಾಗುಣಿತ ತಿದ್ದುವುದು, ಸುಳ್ಳು ತಿದ್ದುವ ಅಧಿಕಾರ ನನಗಿಲ್ಲ. ಕಾಗುಣಿತ ಸರಿಯಾಗಿತ್ತು, ಆ ಪುಟ ಹಾಗೇ ಹೋಯಿತು. ಮುಂದಿನ ಪುಟದಲ್ಲಿ ಮಾತ್ರ ಅಕ್ಷರ ಜೋಡಿಸುವವನ ಕೈ ತಪ್ಪಿ 'ಹೃದಯವಂತ ದಾನಿಗಳಿಗೆ ಕೃತಜ್ಞತೆಗಳು' ಎಂಬಲ್ಲಿ 'ಹೃದಯವಂತ ಹಾನಿಗಳಿಗೆ' ಎಂದಾಗಿತ್ತು. ಕೆಂಪು ಪೆನ್ನು ಕೈಗೆತ್ತಿಕೊಂಡೆ. ಇಡೀ ಸಂಚಿಕೆಯಲ್ಲಿ ನಿಜವಾಗಿದ್ದದ್ದು ಅದೊಂದೇ ಅಕ್ಷರ. ಸಂಬಳ ತೆಗೆದುಕೊಳ್ಳುವವಳಾದ್ದರಿಂದ ಅದನ್ನೂ ತಿದ್ದಿದೆ.

ಆ ಸಂಚಿಕೆಯಿಂದಲೇ ತಿಳಿಯಿತು, ತಮ್ಮ ಈ 'ಮಾದರಿ' ಇನ್ನು ಬೇರೆ ಬೇರೆ ದೇಶಗಳಿಗೂ ಹೋಗಲಿದೆಯಂತೆ. ಹಳೆಯ ಯಂತ್ರಗಳು ಹಡಗು ಹತ್ತಲಿವೆಯಂತೆ. ಯಾವುದೋ ದೇಶದಲ್ಲಿ ಯಾರೋ ಒಬ್ಬಳು ಈಗಲೇ ತನ್ನ ಹಾಸಿಗೆ ಸರಿಸಿ ಯಂತ್ರಕ್ಕೆ ಜಾಗ ಮಾಡುತ್ತಿರಬಹುದು. ಅವಳ ಭಾಷೆ ನನಗೆ ಬಾರದು. ಅವಳ ಕೆಮ್ಮು ಮಾತ್ರ ಅನುವಾದವಿಲ್ಲದೆ ಅರ್ಥವಾಗುತ್ತದೆ, ನನಗೆ ಭಯವಾಗುತ್ತದೆ.

ಮೊನ್ನೆ ತಮ್ಮ ಇಲಾಖೆಯ ಹುಡುಗಿಯೊಬ್ಬಳು ಅಕ್ಕನ ಮನೆಗೆ ಬಂದಿದ್ದಳು. ಅರ್ಧ ತೆರೆದ ಬಾಗಿಲಲ್ಲಿ ಓರೆಯಾಗಿ ನುಸುಳಿ ಒಳಗೆ ಬಂದು, ಸಮ್ಮೇಳನದಲ್ಲಿ ಅಕ್ಕ ತನ್ನ ಯಶಸ್ಸಿನ ಕಥೆ ಹೇಳಬೇಕು, ದೇಶ ವಿದೇಶದವರು ಬರುತ್ತಾರೆ, ಐದು ನಿಮಿಷ ಮಾತಾಡಿದರೆ ಸಾಕು ಎಂದಳು. ಅಕ್ಕನಿಗೆ ಈಗ ಒಂದು ವಾಕ್ಯ ಮುಗಿಸಲು ಎರಡು ಕಡೆ ನಿಲ್ಲಬೇಕಾಗುತ್ತದೆ. ನಾನು ಆ ಹುಡುಗಿಯನ್ನು ಬೈದು ಕಳಿಸುವವಳಿದ್ದೆ. ಅಕ್ಕ ನನ್ನ ಕೈ ಹಿಡಿದು ತಡೆದಳು.

"ಬರ್ತೀನಿ ಅನ್ನು," ಎಂದಳು. ಉಸಿರು ಎಳೆದುಕೊಂಡಳು. "ಅಲ್ಲಿ... ಎಲ್ಲರೂ ಇರ್ತಾರಲ್ಲ."

ಆದ್ದರಿಂದ ಮಾನ್ಯರೇ, ನನ್ನ ಆಗ್ರಹವನ್ನು ನೇರವಾಗಿ ಹೇಳುತ್ತೇನೆ. ಅಕ್ಕನ ಔಷಧದ ಕಾರ್ಡನ್ನು ಈ ವಾರವೇ ಮರಳಿ ಕೊಡಿ, ಅವಳ ಜೊತೆ ಯಂತ್ರ ಪಡೆದ ಎಲ್ಲ ಹೆಂಗಸರದ್ದೂ ಕೊಡಿ. ಆ ಕಬ್ಬಿಣವನ್ನು ಹೊತ್ತು ತಂದ ಲಾರಿಯಲ್ಲೇ ಹೊತ್ತುಕೊಂಡು ಹೋಗಿ, ಕಾರ್ಖಾನೆಯಿಂದ ಬರಬೇಕಾದ ಪರಿಹಾರವನ್ನು ಕೊಡಿಸಿ. ಬೇರೆ ದೇಶಕ್ಕೆ ಒಂದೇ ಒಂದು ಯಂತ್ರ ಹಡಗು ಹತ್ತುವ ಮುಂಚೆ ಅಲ್ಲಿಯವಳನ್ನು ನಿನಗೇನು ಬೇಕು ಎಂದು ಕೇಳಿ.

ಇದಾವುದೂ ಆಗದಿದ್ದರೂ ಚಿಂತೆಯಿಲ್ಲ, ಅಕ್ಕ ಸಮ್ಮೇಳನಕ್ಕೆ ಬರುತ್ತಾಳೆ. ಮೆಟ್ಟಿಲು ಹತ್ತಲಾರಳು, ನಾನು ಎತ್ತಿಕೊಂಡು ಬರುತ್ತೇನೆ. ತಾವು ಕೊಟ್ಟ ಐದು ನಿಮಿಷವನ್ನು ಅವಳು ಪೂರ್ತಿ ಬಳಸಿಕೊಳ್ಳುತ್ತಾಳೆ. ಭಾಷಣ ಬರೆದು ಕೊಡುವ ಶ್ರಮ ಬೇಡ, ಅನುವಾದಕರೂ ಬೇಡ. ಅವಳು ಏನನ್ನೂ ಹೇಳುವುದಿಲ್ಲ. ಮೈಕನ್ನು ಮಾತ್ರ ಅವಳ ಎದೆಯ ಹತ್ತಿರ ಹಿಡಿಯಿರಿ, ಸಭಾಂಗಣದ ಫ್ಯಾನುಗಳನ್ನು ನಿಲ್ಲಿಸಿ, ಅವಳು ಉಸಿರಾಡುವುದನ್ನು ಎಲ್ಲರೂ ಕೂತು ಕೇಳಿ.

ಇಂತಿ,
ತಮ್ಮ ಕಡತದಲ್ಲಿ ಸ್ವಾವಲಂಬಿಯಾದವಳನ್ನೇ
ಅವಲಂಬಿಸಿ ಬೆಳೆದ ತಂಗಿ