ಜೋಪಾನವಾಗಿಡಲು ಕೊಟ್ಟ ಬಾಟಲಿ

ಅಕ್ಕಾ,

ಶಾಲೆಯ ಪದ್ಯದಲ್ಲಿ ‘ಕೆಡುವುದರೊಳಗೂ ಸಿಹಿ ಅಡಗಿದೆ’ ಎಂದಿತ್ತೋ, ‘ಅಳಿದಿದೆ’ ಎಂದೋ? ನನ್ನ ಪ್ರಯೋಗದಲ್ಲಂತೂ ಅಡಗಿದೆ. ಬೂಷ್ಟಿನ ಕಿಣ್ವ ಸಕ್ಕರೆಯನ್ನು ಒಡೆದು, ತುಣುಕುಗಳನ್ನು ಪುಟ್ಟ ಸರಗಳಾಗಿ ಪೋಣಿಸುತ್ತದೆ. ಆ ಸರ ನಮಗೆ ಜೀರ್ಣವಾಗದು, ಕರುಳಿನ ಒಳ್ಳೆಯ ಜೀವಾಣುಗಳಿಗೆ ಅದೇ ಊಟ.

ನಾಳೆ ಪರೀಕ್ಷಕರೆದುರು ಇದನ್ನು ಮಾಡಿ ತೋರಿಸದಿದ್ದರೆ, ಐವತ್ತರ ಹೊಸ್ತಿಲಿನ ಈ ಓದು ಇನ್ನೊಂದು ವರ್ಷ ಎಳೆಯುತ್ತದೆ. ಪ್ರಯೋಗಾಲಯದ ಫ್ರಿಜ್ ಕೆಟ್ಟು, ಬೂಷ್ಟು ಬೆಳೆಸಿದ ಒಂದೇ ಬಾಟಲಿ ಉಳಿದಿದೆ. “ಒಳಗೆ ಶಿಲೀಂಧ್ರ ಇದೆ, ಜೋಪಾನ” ಎಂದು ಹೇಳಿ ಅದನ್ನು ಪಕ್ಕದ ಮನೆಯಾಕೆಯ ಫ್ರಿಜ್ಜಿನಲ್ಲಿಟ್ಟಿದ್ದೇನೆ. ನೀನು ಚಿಂತಿಸಬೇಡ, ಬಿ.ಪಿ. ಮಾತ್ರೆ ತಪ್ಪಿಸಿಲ್ಲ.

ಅವಸರದಲ್ಲಿ,
ನಿನ್ನ ತಂಗಿ

ತಾ.ಕ.: ಈಗಷ್ಟೇ ಆಕೆ ಬಾಟಲಿ ಹಿಡಿದು ಬಾಗಿಲಿಗೆ ಬಂದಳು. “ಪಾಪ, ನಿಮ್ಮ ಶಿಲೀಂಧ್ರಕ್ಕೆ ಬೂಷ್ಟು ಹಿಡಿದುಬಿಟ್ಟಿತ್ತು ಕಣ್ರೀ! ಬಿಸಿನೀರು ಹಾಕಿ ಚೆನ್ನಾಗಿ ತೊಳೆದು ತಂದಿದ್ದೀನಿ.”