ನೀನು ನನ್ನ ಮನೆಗೆ ಕಳಿಸಿದ ಬದಲಿ ಆಟಗಾರ

ಜಗನ್ನಾಥನ ಮಗ ವಿಶ್ರುತನಿಗೆ,

ಬೆಳಗಿನಿಂದ ಫೋನ್ ಮಾಡುತ್ತಲೇ ಇದ್ದೀಯ. ನಾನು ಎತ್ತುತ್ತಿಲ್ಲ. ಡರೆಲ್ ತಾನೇ ನಿನ್ನ ಕೋಚ್‌ಗೆ ಹೇಳಿಬಿಟ್ಟಿದ್ದಾನೆ, ಇನ್ನು ಬರುವುದಿಲ್ಲ ಎಂದು. ಭಾನುವಾರ ಡೆಟ್ರಾಯಿಟ್‌ನವರ ಮೇಲೆ ಮ್ಯಾಚು, ಇವತ್ತು ಶುಕ್ರವಾರ, ನಿನ್ನ ಬದಲಿ ಕ್ವಾರ್ಟರ್‌ಬ್ಯಾಕ್ ಇಲ್ಲ. ಯಾಕೆ ಹೋದ ಎಂಬುದು ನಿನಗೆ ಬೇಕು. ಹೇಳುತ್ತೇನೆ. ಫೋನಿನಲ್ಲಾದರೆ ನೀನು ನಡುವೆ ಇಂಗ್ಲಿಷಿನಲ್ಲಿ ನುಗ್ಗಿ ನನ್ನನ್ನು ಸಮಾಧಾನ ಮಾಡಲು ಶುರುಮಾಡುತ್ತೀಯ, ಅದಕ್ಕೇ ಕಾಗದ, ಬರೆದು ಮುಗಿಸಿ ಫೋಟೋ ತೆಗೆದು ಕಳಿಸುತ್ತೇನೆ. ಕನ್ನಡದ ಅಕ್ಷರ ನನ್ನ ಊಟದ ಮೇಜಿನ ಮೇಲೇ ಕಲಿತವನು ನೀನು. ನಿಧಾನವಾಗಿ ಓದು, ಪೂರ್ತಿ ಓದು.

ನನಗೆ ಮೊದಲ ದಿನವೇ ಅನುಮಾನ ಬಂತು. ಕಳೆದ ಶನಿವಾರ ನೀನು ಅವನನ್ನು ಹಾಫ್‌ಮನ್ ಎಸ್ಟೇಟ್ಸಿನ ನಮ್ಮ ಮನೆ ಬಾಗಿಲಿಗೆ ಕರೆತಂದು ನಿಲ್ಲಿಸಿದೆ. ನಿಮ್ಮದು ದೇಶವೆಲ್ಲ ಟೀವಿಯಲ್ಲಿ ನೋಡುವ ಆ ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗಲ್ಲ. ವಸಂತದಲ್ಲಿ ಆಡಿಸುವ ಸಣ್ಣ ಲೀಗು. ಆಟಗಾರರನ್ನು ಊರಿನವರ ಬೇಸ್‌ಮೆಂಟುಗಳಲ್ಲಿ ಇಳಿಸುತ್ತೀರಿ. ಇರಲಿ, ನಮ್ಮ ಬೇಸ್‌ಮೆಂಟ್ ಖಾಲಿಯಿತ್ತು. ಆದರೆ ತಂಡಕ್ಕೆ ಆಟಗಾರರನ್ನು ಆರಿಸುವ ನಿನ್ನ ಹತ್ತಿರ ಟಕರ್ ಎಂಬ ಹುಡುಗ ಇದ್ದನಲ್ಲ? ಚಳಿಗಾಲವೆಲ್ಲ ನಿಮ್ಮಲ್ಲೇ ಬೆವರು ಸುರಿಸಿದವನು, ಎಸೆತದಲ್ಲಿ ಇವನಿಗಿಂತ ಚುರುಕು ಎಂದು ನೀನೇ ಹೊಗಳಿದವನು. ಮೊದಲನೆಯವನ ಮಂಡಿ ಮುರಿದರೆ ಚೆಂಡು ಹಿಡಿದು ಇಡೀ ತಂಡವನ್ನು ನಡೆಸಬೇಕಾದ ಜಾಗ ಅದು. ಅಲ್ಲಿಂದ ಟಕರ್‌ನನ್ನು ತೆಗೆದು, ಡೆಟ್ರಾಯಿಟ್‌ನವರು ಅದೇ ವಾರ ಕೈಬಿಟ್ಟಿದ್ದ ಡರೆಲ್‌ನನ್ನು ಯಾಕೆ ಆರಿಸಿದೆ ಎಂದು ಕೇಳಿದೆ.

"ಎಕ್ಸ್‌ಪೀರಿಯೆನ್ಸ್ ಬೇಕಿತ್ತು ಆಂಟಿ," ಎಂದೆ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಫ್ರಿಜ್ಜಿನ ಬಾಗಿಲು ತೆರೆದು ಮಜ್ಜಿಗೆ ಹುಡುಕಿದೆ.

ಬಸಯ್ಯ ಗಂಡನಾದರೂ ನನ್ನನ್ನು ಗೇಲಿ ಮಾಡುವುದು ನಿನಗೆ ಗೊತ್ತು. "ಈಕಿಗೆ ಹಾಲಿನ ಡಬ್ಬಿ ಮ್ಯಾಲಿನ ತಾರೀಖಿನ ಮ್ಯಾಲೂ ಸಂಶಯ ಐತಿ," ಅನ್ನುತ್ತಾನೆ. ಹೌದು, ಐತಿ. ದಾವಣಗೆರೆಯ ಗಿರಣಿ ಬಾಗಿಲಲ್ಲಿ ಕಾರ್ಮಿಕರ ಮುಷ್ಕರಕ್ಕೆ ಕೂತು ಬೆಳೆದವಳು ನಾನು. ನಿನ್ನ ಅಪ್ಪ ಮೈಸೂರಿನಿಂದ ಬಂದು ನಮ್ಮ ಪಕ್ಕದಲ್ಲೇ ಕೂತ. ಯಾರು ಯಾರನ್ನು ಯಾವಾಗ ಊಟಕ್ಕೆ ಕರೆಯುತ್ತಾರೆ ಎಂಬುದನ್ನು ಗಮನಿಸದಿದ್ದರೆ ಆ ಚಳವಳಿ ಒಂದು ದಿನವೂ ಬಾಳುತ್ತಿರಲಿಲ್ಲ. ಮಾಲೀಕರ ಕಡೆಯವನು ನಮ್ಮವನೊಬ್ಬನನ್ನು ಕರೆದು ಖಾರ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಕೊಡಿಸುತ್ತಾನೆ, ಹೆಗಲ ಮೇಲೆ ಕೈ ಹಾಕುತ್ತಾನೆ. ಸಭೆಯಲ್ಲಿ ಏನಾಯಿತು ಎಂದು ತಿಳಿದುಕೊಳ್ಳುತ್ತಾನೆ. ಮಾರನೆಯ ದಿನ ಅವನನ್ನೂ ಗೇಟಿನ ಹೊರಗೆ ದಬ್ಬುತ್ತಾನೆ. ಹಿಂಡಿದ ಮೇಲೆ ನಿಂಬೆಹಣ್ಣನ್ನು ಯಾರು ಇಟ್ಟುಕೊಳ್ಳುತ್ತಾರೆ?

ಡರೆಲ್ ಒಳ್ಳೆಯ ಅತಿಥಿ. ತಲೆ ಬಾಗಿಸಿಕೊಂಡೇ ಬೇಸ್‌ಮೆಂಟಿನ ಮೆಟ್ಟಿಲು ಹತ್ತುತ್ತಿದ್ದ, ಅಷ್ಟು ಎತ್ತರ. ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದು, ಇದು ಪೀನಟ್ ಬಟರಿನ ಅಜ್ಜಿ ಇರಬೇಕು ಎಂದ. ಅವನ ಮಾತನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವನ ಪುಟ್ಟ ಮಗಳು ತಾಯಿಯ ಜೊತೆ ಇಪ್ಸಿಲ್ಯಾಂಟಿಯಲ್ಲಿ ಇದ್ದಾಳೆ. ಅದೇ ಊರಿನ ಹೈಸ್ಕೂಲೊಂದು ಅವನಿಗೆ ಕೋಚ್ ಕೆಲಸ ಕೊಡುತ್ತೇನೆಂದಿತ್ತು. ಈ ಶುಕ್ರವಾರದೊಳಗೆ ಬಂದು ಸೇರದಿದ್ದರೆ ಬೇರೆಯವರಿಗೆ. ಈ ಸೀಸನ್ ಪೂರ್ತಿ ನಮ್ಮಲ್ಲೇ ಇರುತ್ತೀಯ ಎಂದು ನೀನು ಮಾತು ಕೊಟ್ಟಿದ್ದರಿಂದ ಅವನು ಶಾಲೆಯವರಿಗೆ ಹೂಂ ಅಂದಿರಲಿಲ್ಲ. ಅವನ ಬಾಳಿನಲ್ಲಿ ಆಟ ಉಳಿದಿರುವುದು ಇನ್ನೆಷ್ಟು? ಆ ಮಂಡಿಗಳನ್ನು ನೋಡಿದರೆ ಡಾಕ್ಟರೇ ಆಗಬೇಕಿಲ್ಲ. ಆದರೂ ನಿನ್ನ ಮಾತು ನಂಬಿದ.

ಮಂಗಳವಾರ ಊಟಕ್ಕೆ ಕೂತಾಗ, ಇವತ್ತು ಏನು ಕಲಿಸಿದರು ಎಂದು ಸುಮ್ಮನೆ ಕೇಳಿದೆ. ಏನೂ ಕಲಿಸಲಿಲ್ಲವಂತೆ. ಬಾಗಿಲು ಹಾಕಿಕೊಂಡು ಕೂರಿಸಿ, ಡೆಟ್ರಾಯಿಟ್ ಕೋಚ್ ಅಂಗಳದ ಅಂಚಿನಿಂದ ಕೈಸನ್ನೆ ಮಾಡುತ್ತಾನಲ್ಲ, ಕಿವಿ ಮುಟ್ಟಿದರೆ ಚೆಂಡು ಸಾಗಿಸುವ ಯಾವ ಆಟ, ಟೋಪಿ ಮುಟ್ಟಿದರೆ ಯಾವ ಆಟ, ಅದನ್ನೇ ಕೇಳಿದರಂತೆ. ಹಿಂದಿನ ದಿನವೂ ಅದೇ. ನಿಮ್ಮ ತಂಡದ ಆಟಗಳನ್ನು ಯಾವಾಗ ಹೇಳಿಕೊಡುತ್ತಾರೆ ಎಂದೆ.

"ಮುಂದಿನ ವಾರ ಅಂದಿದ್ದಾರೆ, ಮ್ಯಾಮ್."

ನೋಡು ವಿಶ್ರುತ್, ನನಗೆ ಫುಟ್‌ಬಾಲ್ ತಿಳಿಯದು. ನೀನು ಕಲಿಸಿದಷ್ಟೇ ಗೊತ್ತು. ಆದರೆ ತಂಡದ ಒಂದು ಆಟವೂ ಗೊತ್ತಿಲ್ಲದವನು ಭಾನುವಾರ ಮೊದಲನೆಯವನು ಬಿದ್ದರೆ ಅಂಗಳಕ್ಕಿಳಿದು ಏನು ಮಾಡುತ್ತಾನೆ? ಕೈ ಮುಗಿಯುತ್ತಾನೆಯೇ? ನಿಮಗೆ ಬದಲಿ ಆಟಗಾರ ಬೇಕಿರಲಿಲ್ಲ. ಅವನ ತಲೆಯೊಳಗಿನ ಡೆಟ್ರಾಯಿಟ್ ಬೇಕಿತ್ತು. ಉಳಿದ ಮನುಷ್ಯನನ್ನು ಜೊತೆಗೆ ಹೊತ್ತು ತಂದಿರಿ, ಬೇರೆ ದಾರಿಯಿರಲಿಲ್ಲ.

ನಿಜ ಹೇಳುತ್ತೇನೆ, ಅವನ ಮೇಲೂ ನನಗೆ ಅನುಮಾನ ಬಂತು. ಇವನೇ ಡೆಟ್ರಾಯಿಟ್‌ನವರ ಮನುಷ್ಯನಾಗಿದ್ದು, ಸುಳ್ಳು ಸನ್ನೆ ಹೇಳಲು ಬಂದಿದ್ದರೆ? ಮುಚ್ಚಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ, ಕೇಳಿಯೇ ಬಿಟ್ಟೆ. ಅವನು ನೀರು ನೆತ್ತಿಗೇರುವಷ್ಟು ನಕ್ಕ. "ಮ್ಯಾಮ್, ಅಷ್ಟು ಬುದ್ಧಿ ಇರೋರು ಈ ಲೀಗಲ್ಲಿ ಯಾಕಿರ್ತಾರೆ?"

ಬುಧವಾರ ಅವನನ್ನು ಪ್ರ್ಯಾಕ್ಟೀಸಿಗೆ ನಾನೇ ಡ್ರೈವ್ ಮಾಡಿಕೊಂಡು ಹೋದೆ, ಅವನ ಕಾರು ಮಿಷಿಗನ್ನಿನಲ್ಲೇ ಉಳಿದಿತ್ತು. ಅವನು ಒಳಗೆ ಹೋದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ನಿಮ್ಮ ತಂಡದ ಜಾಕೆಟ್ ಹಾಕಿಕೊಂಡು ನಿಂತಿದ್ದವನು ಯಾರು? ಟಕರ್. ನೀನು ತೆಗೆದುಹಾಕಿದೆ ಎಂದಿದ್ದ ಅದೇ ಟಕರ್. ನಿನ್ನ ಜೊತೆ ಒಂದು ಸಲ ನಮ್ಮ ಮನೆಗೆ ಬಂದಿದ್ದವನು, ಗುರುತು ಹಿಡಿದು ತಬ್ಬಿಕೊಂಡ. ಪಾಪ, ಕಪಟ ತಿಳಿಯದ ಹುಡುಗ. ಸೋಮವಾರಕ್ಕೆ ರೆಡಿಯಾಗಿರು, ಈ ವಾರ ಯಾರಿಗೂ ಕಾಣಿಸಿಕೊಳ್ಳಬೇಡ ಎಂದು ನೀನೇ ಹೇಳಿದ್ದೀಯಂತೆ. ಮ್ಯಾಚು ಭಾನುವಾರ. ಸೋಮವಾರ ಟಕರ್ ಒಳಗೆ ಬಂದರೆ ಹೊರಗೆ ಹೋಗುವವನು ಯಾರು? ಅಷ್ಟು ಹೊತ್ತಿಗೆ ಇಪ್ಸಿಲ್ಯಾಂಟಿಯ ಕೆಲಸ ಬೇರೆಯವರ ಪಾಲಾಗಿರುತ್ತದೆ.

ಅವತ್ತು ಸಂಜೆಯೇ ನಿನಗೆ ಫೋನ್ ಮಾಡಿದೆ. ನಿನ್ನ ಮಾತು ಪದಕ್ಕೆ ಪದ ನನ್ನ ಕಿವಿಯಲ್ಲಿದೆ.

"ಆಂಟಿ, ಇದು ಫುಟ್‌ಬಾಲಲ್ಲಿ ನಾರ್ಮಲ್. ಎಲ್ಲಾ ಟೀಮೂ ಮಾಡುತ್ತೆ. ನೀವು ಸುಮ್ನೆ ಪರ್ಸನಲ್ ಆಗಿ ತಗೋಬೇಡಿ."

ಎಲ್ಲರೂ ಮಾಡುತ್ತಾರೆ! ಈ ಭೂಮಿಯ ಮೇಲೆ ನಡೆದ ಯಾವ ಅನ್ಯಾಯಕ್ಕೆ ಈ ಸಮಜಾಯಿಷಿ ಕೊಟ್ಟಿಲ್ಲ ಹೇಳು. ಆದರೂ ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಿನಗೆ ಬೈದು, ಮುಂದಿನ ವಾರ ಹೋಳಿಗೆಗೆ ಕರೆಯುತ್ತಿದ್ದೆನೋ ಏನೋ. ನೀನು ನಿಲ್ಲಿಸಲಿಲ್ಲ.

"ಅಂದ್ಹಾಗೆ ಆಂಟಿ, ಊಟ ಮಾಡ್ವಾಗ ಅವ್ನು ಡೆಟ್ರಾಯಿಟ್ ವಿಷಯ ಏನಾದ್ರೂ ಹೇಳ್ತಾನಾ? ಕೋಚ್ ಮುಂದೆ ಅರ್ಧಂಬರ್ಧ ಹೇಳ್ತಾನೆ. ನಿಮ್ಮ ಹತ್ರ ಎಲ್ರೂ ಬಾಯಿ ಬಿಡ್ತಾರಲ್ಲ, ಸ್ವಲ್ಪ ಕೇಳಿ ನೋಡಿ."

ಫೋನ್ ಇಟ್ಟ ಮೇಲೆ ಸ್ಟೋವ್ ಆರಿಸಿ ಕುರ್ಚಿಯ ಮೇಲೆ ಕೂತುಬಿಟ್ಟೆ. ನಮ್ಮ ಪಕ್ಕದ ಷಾಂಬರ್ಗಿನಲ್ಲಿ, ಗ್ಲೆಂಡೇಲ್ ಹೈಟ್ಸಿನಲ್ಲಿ ನಿಮಗೆ ಮನೆ ಕೊಡುವವರು ಎಷ್ಟು ಜನ ಇದ್ದಾರೆ. ಡರೆಲ್‌ಗೆ ನನ್ನ ಮನೆಯೇ ಯಾಕೆ? ಶನಿವಾರ ಫ್ರಿಜ್ಜಿನಲ್ಲಿ ತಲೆ ತೂರಿಸಿದ್ದು ಇದಕ್ಕೇ ಏನು? ನಾನು ಯಾರಿಗೆ ಬಡಿಸಿದರೂ ಎದುರಿಗೆ ಕೂತು ಅವರ ಕಷ್ಟಸುಖ ಕೇಳುತ್ತೇನೆ. ನೀನು ಹೈಸ್ಕೂಲಿನಲ್ಲಿ ತಂಡಕ್ಕೆ ಆಯ್ಕೆಯಾಗದೆ ಬಂದು ಅತ್ತದ್ದೂ ಆ ಮೇಜಿನ ಮುಂದೆಯೇ. ಅಲ್ಲಿ ಮನುಷ್ಯರು ಮೆತ್ತಗಾಗುತ್ತಾರೆಂದು ನಿನಗೆ ಅನುಭವದಿಂದ ಗೊತ್ತು. ಆ ಅನುಭವವನ್ನೇ ಕೆಲಸಕ್ಕೆ ಹಚ್ಚಿದೆಯಾ? ಮಂಡಕ್ಕಿ ಕೊಡಿಸುವವರನ್ನು ಇಡೀ ಊರಿಗೆ ಹೆಸರು ಹಿಡಿದು ತೋರಿಸಿದವಳ ಕೈಯಿಂದಲೇ ಮಂಡಕ್ಕಿ ಕೊಡಿಸಿದೆಯಾ? ಮೊದಲೇ ಯೋಚಿಸಿ ಮಾಡಿದೆಯೋ, ಬುಧವಾರ ಆ ಕ್ಷಣಕ್ಕೆ ಹೊಳೆಯಿತೋ ನನಗೆ ಗೊತ್ತಿಲ್ಲ. ನೀನು ಹೇಳಿದರೂ ಈಗ ನಂಬುವುದು ಕಷ್ಟ. ಇದು ನನಗೆ ನೋಯುತ್ತಿದೆ, ಇನ್ನೂ ನೋಯುತ್ತದೆ.

ನಿನ್ನೆ ಗುರುವಾರ ಡರೆಲ್‌ನನ್ನು ಕೂರಿಸಿ ಎಲ್ಲ ಹೇಳಿದೆ. ಟಕರ್ ವಿಷಯ, ಸೋಮವಾರದ ವಿಷಯ. ನಿನ್ನ ಆ ಕೊನೆಯ ಮಾತನ್ನೂ ಹೇಳಿದೆ, ಒಂದಕ್ಷರ ಬಿಡಲಿಲ್ಲ. ಸಿಟ್ಟು ಮಾಡುತ್ತಾನೆ, ಗೋಡೆಗೆ ಗುದ್ದುತ್ತಾನೆ ಅಂದುಕೊಂಡಿದ್ದೆ. ಆ ರೂಮಿನ ಆಟ ಅವನಿಗೆ ಹೊಸದಲ್ಲವಂತೆ. ಡೆಟ್ರಾಯಿಟ್‌ನಲ್ಲಿದ್ದಾಗ ಬೇರೆ ಊರಿನಿಂದ ತಂದ ಒಬ್ಬನನ್ನು ಹೀಗೇ ಕೂರಿಸಿ ಕೇಳಿದ್ದನ್ನು ನೋಡಿದ್ದಾನಂತೆ. ತನಗೂ ಮೊದಲ ದಿನವೇ ವಾಸನೆ ಬಡಿದಿತ್ತಂತೆ. ಆದರೂ ಒಂದು ಪಾಲು ಆಸೆ ಇಟ್ಟುಕೊಂಡಿದ್ದನಂತೆ, ನಿಜವಾಗಿಯೂ ಆಡಲು ಕರೆದಿದ್ದರೆ ಎಂದು. ಆಮೇಲೆ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತಾ ಹೇಳಿದ:

"ಆ ರೂಮು ಎಂಥದು ಅಂತ ಗೊತ್ತಿತ್ತು ಮ್ಯಾಮ್. ಈ ಮನೆ ಬರೀ ಮನೆ ಅಂದ್ಕೊಂಡಿದ್ದೆ."

ವಿಶ್ರುತ್, ನನ್ನನ್ನು ಪೊಲೀಸರು ಬೈದಿದ್ದಾರೆ, ಮಾಲೀಕರು ಬೈದಿದ್ದಾರೆ, ನಮ್ಮ ಜಾತಿಯವರೇ ಮಠದ ಅಂಗಳದಲ್ಲಿ ನಿಲ್ಲಿಸಿ ಬೈದಿದ್ದಾರೆ. ಯಾವುದಕ್ಕೂ ತಲೆ ತಗ್ಗಿಸಿದವಳಲ್ಲ. ನಿನ್ನೆ ತಗ್ಗಿಸಿದೆ. ಬರೀ ಮನೆಯೇ ಅದು ಎಂದು ಹೇಳುವ ಬಾಯಿ ನನಗೆ ನೀನು ಉಳಿಸಿರಲಿಲ್ಲ.

ಹಾಗಾಗಿ ಇವತ್ತು ಬೆಳಿಗ್ಗೆ ಬಸಯ್ಯನನ್ನು ಎಬ್ಬಿಸಿ ಹೇಳಿ, ಡರೆಲ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೈವೇ ಹಿಡಿದೆ. ಗೇರಿ ದಾಟಿ, ಕಲಮಜೂ ದಾಟಿ, ಆ್ಯನ್ ಆರ್ಬರಿನ ಎಕ್ಸಿಟ್ಟುಗಳೆಲ್ಲ ಹಿಂದೆ ಬಿದ್ದವು. ದಾರಿಯಲ್ಲಿ ಅವನು ಆಟದ ಮಾತೇ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಡೆಟ್ರಾಯಿಟ್‌ನವರ ಒಂದು ಸನ್ನೆಯೂ ನನಗೆ ಗೊತ್ತಿಲ್ಲ, ಹುಡುಕಬೇಡ. ಶಾಲೆಯ ಕಚೇರಿಯೊಳಗೆ ಹೋಗಿ ಅವನು ಕೆಲಸಕ್ಕೆ ಸೇರಿಯಾಯಿತು. ಈಗ ಮಕ್ಕಳಿಗೆ ಚೆಂಡು ಎಸೆದು ತೋರಿಸುತ್ತಿದ್ದಾನೆ. ಬೇಲಿಯಾಚೆ ಕಾರಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹುಡುಗರು ಅವನನ್ನು ಈಗಾಗಲೇ ಕೋಚ್ ಅನ್ನುತ್ತಿದ್ದಾರೆ. ಒಬ್ಬ ಹುಡುಗಿಯೂ ಸಾಲಿನಲ್ಲಿ ನಿಂತಿದ್ದಾಳೆ, ಅವಳ ಎಸೆತವೇ ಎಲ್ಲರಿಗಿಂತ ದೂರ ಹೋಯಿತು.

ನೀನು ಟಕರ್‌ನನ್ನು ಇವತ್ತೇ ಒಳಗೆ ಕರೆದುಕೋ. ಮರೆಯಲ್ಲಿ ನಿಲ್ಲಿಸಬೇಡ. ಅವನಿಗಾದರೂ ನಿಜ ಹೇಳು. ನಾಳೆ ಅವನನ್ನೂ ಯಾವುದೋ ತಂಡ ಹೀಗೇ ಕರೆಯುತ್ತದೆ, ಆಗ ನೀನು ಅವನಿಗೆ ನೆನಪಾಗುತ್ತೀಯ. ಯಾವ ಥರ ನೆನಪಾಗಬೇಕು ಎಂಬುದು ನಿನ್ನ ಕೈಯಲ್ಲಿದೆ.

ಮನೆಗೆ ಬಾ. ಬರಬೇಡ ಅನ್ನುವಷ್ಟು ಕಲ್ಲಲ್ಲ ನಾನು. ಆದರೆ ಬಂದಾಗ ನಾನು ನಿನ್ನನ್ನೇ ನೋಡುತ್ತಿರುತ್ತೇನೆ, ಏನು ಕೇಳುತ್ತಾನೆ, ಯಾಕೆ ಕೇಳುತ್ತಾನೆ ಎಂದು. ಅದು ಎಷ್ಟು ದಿನ ಹೀಗಿರುತ್ತದೋ ನನಗೂ ತಿಳಿಯದು. ಸಹಿಸಿಕೊಂಡು ಕೂತಿರು.

ಭಾನುವಾರ ನೀನು ಗೆಲ್ಲು ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ನಿನ್ನ ತಂಡದ ಹುಡುಗರ ಮೈಗೆ ನೋವಾಗದಿರಲಿ, ಡೆಟ್ರಾಯಿಟ್‌ನ ಹುಡುಗರಿಗೂ ಆಗದಿರಲಿ. ನಿನ್ನ ಜೊತೆ ಊಟಕ್ಕೆ ಕೂತವರು ಹೆದರದೆ ಬಾಯಿ ತೆರೆಯುವಂಥ ಮನುಷ್ಯನಾಗು. ನಿನಗೆ ಇವತ್ತು ನಾನು ಕೊಡಬಲ್ಲ ಹಾರೈಕೆ ಇದೊಂದೇ, ಮತ್ತು ಇದನ್ನು ಮನಸ್ಸಿಟ್ಟೇ ಕೊಡುತ್ತಿದ್ದೇನೆ.

ಈಗಲೂ ನಿನ್ನ ಆಂಟಿಯೇ,
ಶಿವಲಿಂಗಮ್ಮ
ಇಪ್ಸಿಲ್ಯಾಂಟಿ, ಮಿಷಿಗನ್