ಹೊಲಿಗೆಯಿಲ್ಲದ ಅಂಗಿ

ಜುಲೈ ೯, ಬುಧವಾರ
ಆಸ್ಪತ್ರೆಯ ಅಲುಗಾಡುವ ಬೆಂಚಿನಿಂದ

ಮನೆಯೊಡತಿಗೆ,

ಅಂಗಡಿಗೆ ಬೀಗ ಹಾಕಿ ಬಂದ ದರ್ಜಿಯ ನಮಸ್ಕಾರಗಳು. ಹೇಳಿದ ದಿನಕ್ಕೆ ಬಟ್ಟೆ ಕೊಡದವನು ಹೇಳಿದ ದಿನಕ್ಕೆ ಕಾಗದ ಬರೆದಾನೆಯೇ? ತಡವಾಯಿತು, ಕ್ಷಮಿಸು. ಕೂತರೆ ನಡೆಯಬೇಕೆನಿಸುತ್ತದೆ, ನಡೆದರೆ ಕೂರಬೇಕೆನಿಸುತ್ತದೆ. ಕಾಲಿಗೆ ಇನ್ನೂ ಹೊಲಿಗೆ ಯಂತ್ರದ ಚಟ. ಬೆಂಚಿನಡಿ ತಾನಾಗಿ ತುಳಿಯುತ್ತಿರುತ್ತದೆ. ಪಕ್ಕದ ಅಜ್ಜ, "ಏನಪ್ಪಾ, ಬೆಂಚ್ ಮೇಲೇ ಊರಿಗೆ ಹೊರಟ್ಯಾ?" ಅಂದ.

ನಿನ್ನ ಮಗಳು ಗುಂಡಿ ಚೆನ್ನಾಗಿದ್ದಾಳೆ. ಅಂದರೆ, ಜಗಳವಾಡುವಷ್ಟು ಚೆನ್ನಾಗಿದ್ದಾಳೆ. ಶರ್ಟುಗಳಿಗೆಂದು ಕುದಿಸಿದ ಗಂಜಿ ಬಿದ್ದು ಸುಟ್ಟಿತ್ತಲ್ಲ, ಆ ಎದೆ, ಹೆಗಲಿನ ಗಾಯ ಈಗ ಸ್ವಚ್ಛವಾಗಿದೆಯಂತೆ. ನೀನು ತವರಿಗೆ ಹೋದ ಮೇಲೆ ಅವಳ ತೊಡೆಯಿಂದ ಅಂಚೆಚೀಟಿಯಷ್ಟು ಚರ್ಮ ತೆಗೆದು ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿ ಅದರ ಜೀವಕೋಶಗಳಿಗೆ ಊಟ ಹಾಕಿ, ಬೆಚ್ಚಗಿಟ್ಟು, ಹಾಳೆ ಹಾಳೆಯಾಗಿ ಬೆಳೆಸಿದ್ದಾರೆ. ಅವಳದೇ ಚರ್ಮವಾದ್ದರಿಂದ ಮೈ 'ನೀನ್ಯಾರು' ಅಂತ ಕೇಳುವುದಿಲ್ಲವಂತೆ. ಚೀಟಿಯಷ್ಟು ಬಟ್ಟೆಯಲ್ಲಿ ಇಡೀ ಅಂಗಿ. ಮೀಟರುಗಟ್ಟಲೆ ತರಿಸಿಕೊಂಡೂ ಕೊನೆಗೆ ತೋಳಿಗೆ ಸಾಲದೆ ಗಿರಾಕಿಯ ಮುಖ ನೋಡುವವನು ನಾನು, ಕುಲಕಸುಬಿಗೇ ಅವಮಾನ.

ಸುಮ್ಮನಿರಲಾರದೆ ಡಾಕ್ಟರಮ್ಮನಿಗೆ, "ಮೇಡಂ, ಬೆಳೆಯೋ ಮಗು. ಎರಡಿಂಚು ಒಳಗೆ ಮಡಚಿ ಬಿಡಿ, ಆಮೇಲೆ ಬಿಚ್ಕೋಬಹುದು" ಅಂದೆ. ಅವರು ಕನ್ನಡಕ ಇಳಿಸಿ ನೋಡಿದರು. "ದರ್ಜಿಯವರೇ, ಇದು ಈರುಳ್ಳಿ ಪೊರೆಗಿಂತ ತೆಳು. ಮಡಚಿದ್ರೆ ನೀವೂ ಅಳ್ತೀರ, ನಾನೂ ಅಳ್ತೀನಿ."

ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಗುಂಡಿಯ ಹತ್ತಿರ ಹೋಗಿ, "ನಿಂಗೊಂದು ಹೊಸ ಅಂಗಿ ಬರ್ತಿದೆ, ಮೈಮೇಲೇ ಹೊಲಿದುಬಿಡ್ತಾರೆ" ಎಂದು ಜಂಬ ಕೊಚ್ಚಿದೆ. ದರ್ಜಿಯ ಮಗಳಿಗೆ ಸೂಜಿ ಅಂದರೇನೆಂದು ಬೇರೆ ಹೇಳಬೇಕೆ? ಅಂದಿನಿಂದ ಆಪರೇಷನ್ ಕೋಣೆಗೆ ಬರುವುದಿಲ್ಲವೆಂದು ಮಂಚದ ಕಂಬಿ ಹಿಡಿದು ಕೂತಿದ್ದಾಳೆ. ಹಾಳೆಗಳು ಶುಕ್ರವಾರಕ್ಕೆ ಸಿದ್ಧ. ಬೆಳೆದ ಮೇಲೆ ಅವು ನಮ್ಮ ಗಿರಾಕಿಗಳ ಹಾಗೆ ಕಾಯುವುದಿಲ್ಲ.

ಕೊನೆಗೆ ಪ್ರಯೋಗಾಲಯದಲ್ಲಿ ಚರ್ಮ ಬೆಳೆಸಿದಾಕೆಯೇ ಬಂದಳು. "ಪುಟ್ಟಿ, ಹೊಲಿಯಲ್ಲ, ಹಾಸ್ತೀವಿ. ನೀನು ನಿದ್ದೆ ಮಾಡ್ತಿರ್ತೀಯ, ನಾವು ಮೆಲ್ಲಗೆ ಹಾಸ್ತೀವಿ."

"ಹಾಗಾದ್ರೆ ಅಪ್ಪ ಸುಳ್ಳು ಹೇಳಿದ್ನಾ?"

"ನಿಮ್ಮಪ್ಪಂಗೆ ಬರೋದು ಅದೊಂದೇ ಕೆಲಸ, ಪಾಪ."

ಇಲ್ಲಿಗೆ ಬಂದ ಮೇಲೆ ಮಗಳು ನಕ್ಕಿದ್ದು ಅದೇ ಮೊದಲು. ಕಂಬಿಯನ್ನು ಮಾತ್ರ ಬಿಡಲಿಲ್ಲ. "ಅಮ್ಮ ಬಂದ್ರೆ ಹೋಗ್ತೀನಿ" ಅಂದಳು.

ಅತ್ತೆಯವರ ಮಂಡಿನೋವು ಇಳಿಯಲಿ. ನಿನಗೆ ನಿದ್ದೆ ಬರಲಿ. ದೇವರು ನಿಮ್ಮನ್ನೆಲ್ಲ ತಣ್ಣಗಿಡಲಿ.

ಇತಿ,
ಸದಾ ಒಂದಿಂಚು ತಪ್ಪುವ ನಿನ್ನ ದರ್ಜಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. 'ಗಂಜಿ ಪಾತ್ರೆಯನ್ನ ಅಂಚಿಗಿಟ್ಟವಳು ನಾನು, ಅವಳಿಗೆ ಯಾವ ಮುಖ ತೋರಿಸ್ಲಿ' ಎಂದು ಹೇಳಿ ಹೋದೆಯಲ್ಲ? ನಿನ್ನೆ ಗುಂಡಿ ನನ್ನ ಕಿವಿ ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು: "ಗಂಜಿಯೆಲ್ಲ ಚೆಲ್ಲಿಬಿಟ್ಟೆ ಅಂತ ಅಮ್ಮಂಗೆ ನನ್ ಮೇಲೆ ಕೋಪ ಅಲ್ವಾ? ಅದಕ್ಕೇ ಬರಲ್ಲ ಅಲ್ವಾ?" ಇಲ್ಲ ಮಗಳೇ ಅಂದೆ. ನಂಬಲಿಲ್ಲ, ಹೊಲಿಯುತ್ತಾರೆ ಎಂದು ಸುಳ್ಳು ಹೇಳಿದವನು ನಾನು. ಇದನ್ನಾದರೂ ನೀನೇ ಬಂದು ಹೇಳು.